ಚಿತ್ರ ಸ್ವಚ್ಛ ಮಾಡುತ್ತಿದ್ದ ಮಿಸ್ತ್ರಿ

ನಮ್ಮ ಚಿಕ್ಕೋಡಿಯಲ್ಲಿ ಹೊಸ ಟಿವಿ ತಂದವರು ಮೊದಲು ಓಣಿಗೆಲ್ಲ ಪೇಢೆ ಹಂಚುತ್ತಿದ್ದರು. ಎರಡು ದಿನ ಬಿಟ್ಟು ಮುಖ ಸಣ್ಣಗೆ ಮಾಡಿಕೊಂಡು ಟಿವಿ ರಿಪೇರಿಯ ಮಿಸ್ತ್ರಿಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ದಪ್ಪ ಡಬ್ಬಿಯಂಥ ಟಿವಿಗಳು ಹೋಗಿ ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿಗಳು ಬಂದ ಕಾಲ ಅದು, ಎರಡು ಸಾವಿರದ ಹತ್ತರ ಆಚೀಚೆ. ಕೊಲ್ಲಾಪುರದ ಅಂಗಡಿಯಲ್ಲಿ ಕಣ್ಣು ಕುಕ್ಕುತ್ತಿದ್ದ ಚಿತ್ರ ಮನೆಗೆ ಬಂದ ಮೇಲೆ ಯಾಕೆ ಹೀಗೆ ಕೆಟ್ಟಿತು ಎಂಬುದು ಊರಿಗೆ ಊರೇ ತಲೆ ಕೆಡಿಸಿಕೊಂಡ ಪ್ರಶ್ನೆಯಾಗಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿದ್ದ ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಊರಿನವರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಮಿಸ್ತ್ರಿ ಎಂದರೆ ಅವರೇ. ಈಗ ಅವರು ತೀರಿಹೋದ ಮೇಲೆ ನಾನೊಬ್ಬ ಹೆಸರು ಬರೆದು ಮಾಡುವುದೇನಿದೆ, ಅದನ್ನು ಹಾಗೆಯೇ ಬಿಡುತ್ತೇನೆ.

ಸಣಕಲು ಆಳು. ಶರ್ಟಿನ ಜೇಬಿನಲ್ಲಿ ಟೆಸ್ಟರು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಸುತ್ತಿಟ್ಟ ಹತ್ತಾರು ಕೇಬಲ್ಲುಗಳು. ಚಿಂತೆ ಹತ್ತಿದಾಗ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ತಿಕ್ಕುತ್ತಿದ್ದರು, ಮತ್ತು ಅವರಿಗೆ ಚಿಂತೆ ಯಾವಾಗಲೂ ಹತ್ತಿರುತ್ತಿತ್ತು. ಆ ಕಿವಿ ಇನ್ನೊಂದಕ್ಕಿಂತ ಕೆಂಪಗಿದೆ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಮನೆಗೆ ಬಂದರೆ ಅವರು ಮೊದಲು ಟಿವಿ ಹಚ್ಚುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು, ಕಿಟಕಿ ಯಾವ ಕಡೆಗಿದೆ, ಮನೆಮಂದಿ ಎಲ್ಲಿ ಕೂತು ನೋಡುತ್ತಾರೆ ಎಂದು ವಿಚಾರಿಸುತ್ತಿದ್ದರು. ಆಮೇಲೆ ಮನೆಯಾಕೆಗೆ ಒಂದು ಅರಿಷಿಣದ ಕೊಂಬು, ಒಂದು ವೀಳ್ಯದೆಲೆ, ಚಿಟಿಕೆ ಕುಂಕುಮ ತರಲು ಹೇಳುತ್ತಿದ್ದರು. ನನ್ನ ಹೆಂಡತಿ ಮೊದಲ ಸಲ ಟಿವಿಗೆ ಪೂಜೆ ಮಾಡುತ್ತಾರೆಂದು ತಿಳಿದು ಕಾಯಿಯನ್ನೂ ತಂದಿಟ್ಟಿದ್ದಳು. ಅವರು ಕಾಯಿ ಪಕ್ಕಕ್ಕೆ ಸರಿಸಿ, ಉಳಿದ ಮೂರನ್ನು ತಾಟಿನಲ್ಲಿ ಹಾಕಿ ಪರದೆಯ ಬದಿಗೆ ಹಿಡಿದು, ಪರದೆಯ ಹಳದಿ ಈ ಹಳದಿಗೆ, ಆ ಹಸಿರು ಈ ಹಸಿರಿಗೆ ಹತ್ತಿರ ಬರುವ ತನಕ ರಿಮೋಟು ಒತ್ತುತ್ತ ಕೂತರು. ಈ ಮೂರು ಬಣ್ಣ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ ಎಂಬುದು ಅವರ ಲೆಕ್ಕಾಚಾರ.

ಅಂಗಡಿಯವರು ಮಾರುವುದಕ್ಕೆಂದು ಇಟ್ಟಿರುತ್ತಿದ್ದ ಸೆಟ್ಟಿಂಗಿಗೆ 'ವಿವಿಡ್' ಎಂದು ಹೆಸರು. ಅದರಲ್ಲಿ ಆಕಾಶ ನೀಲಿಗಿಂತ ನೀಲಿ, ಮನುಷ್ಯರ ಗಲ್ಲ ಟೊಮೆಟೊ. ಮಿಸ್ತ್ರಿ ಮೊದಲು ಅದನ್ನು ತೆಗೆಯುತ್ತಿದ್ದರು. ಆಮೇಲೆ ಶಾರ್ಪ್‌ನೆಸ್ ಎಂಬುದನ್ನು ಪೂರ್ತಿ ಕೆಳಗಿಳಿಸುತ್ತಿದ್ದರು. ಹೆಚ್ಚಿಸಿದರೆ ಚಿತ್ರ ಖಡಕ್ಕಾಗುತ್ತದೆ ಎಂದು ಎಲ್ಲರ ನಂಬಿಕೆ. ಅದು ಚಿತ್ರದಲ್ಲಿ ಇಲ್ಲದ ಅಂಚನ್ನು ತಾನೇ ಗೀಚಿ ತೋರಿಸುತ್ತದೆ ಎಂದು ಅವರು ತಾಳ್ಮೆಯಿಂದ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಚಿತ್ರ ಮಂಕಾಯಿತೆಂದು ಮನೆಯವರು ಮುನಿಸಿಕೊಳ್ಳುತ್ತಿದ್ದರು. ಒಂದು ವಾರ ನೋಡಿ, ಕಣ್ಣು ಹೊಂದಿಕೊಳ್ಳುತ್ತದೆ ಎಂದು ಹೇಳಿ ಅವರು ಅರೆಮನಸ್ಸಿನಿಂದಲೇ ಹೊರಬೀಳುತ್ತಿದ್ದರು.

ನನ್ನ ಮಾನವನ್ನೂ ಅವರು ಹಾಗೆಯೇ ಮೆಲ್ಲಗೆ ಕಳೆದರು. ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದವನು. ಎಚ್‌ಡಿ ಟಿವಿ, ಎಚ್‌ಡಿ ಸೆಟ್‌ಟಾಪ್ ಡಬ್ಬಿ ಎರಡನ್ನೂ ತಂದು, ಬಂದವರಿಗೆಲ್ಲ ಎಚ್‌ಡಿಯ ಮಹಿಮೆ ವರ್ಣಿಸುತ್ತ ಒಂದು ವರ್ಷ ಕಳೆದಿದ್ದೆ. ಮಿಸ್ತ್ರಿ ಟಿವಿಯ ಹಿಂದೆ ಬಗ್ಗಿ ನೋಡಿ ಸುಮ್ಮನೆ ನಕ್ಕರು. ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ ವಾಯರಿನಲ್ಲೇ ಎಲ್ಲ ನಡೆದಿತ್ತು. ಆ ವಾಯರಿನಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲವಂತೆ, ಎಚ್‌ಡಿಎಂಐ ಕೇಬಲ್ ಬೇಕಂತೆ. ಮೇಲಾಗಿ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿಟ್ಟಿದ್ದೆ. ಟಿವಿಯವರೆಲ್ಲ ಉಂಡು ತಿಂದು ಚೆನ್ನಾಗಿದ್ದಾರೆ ಎಂದು ನನ್ನ ತಾಯಿ ವರ್ಷವಿಡೀ ಸಂತೋಷಪಟ್ಟಿದ್ದಳು. ಬಂಗಾರದ ನೀರು ಕುಡಿಸಿದ ದುಬಾರಿ ಕೇಬಲ್ ಕೊಲ್ಲಾಪುರದಿಂದ ತರಲೇ ಎಂದು ಕೇಳಿದರೆ, ಡಬ್ಬಿಗೂ ಟಿವಿಗೂ ಎಷ್ಟು ದೂರವಿದೆಯೋ ಅಷ್ಟು ಉದ್ದದ ಸಾದಾ ಕೇಬಲ್ ಸಾಕು, ಮದುವೆ ಟಿವಿಗಲ್ಲ ಎಂದು ತಾವೇ ಒಂದನ್ನು ಚೀಲದಿಂದ ತೆಗೆದು ಹಾಕಿದರು.

ಮರುದಿನ ಮಧ್ಯಾಹ್ನ ಫೋನು. ನಿನ್ನೆ ಸಂಜೆಯ ಬೆಳಕಿನಲ್ಲಿ ಸರಿ ಮಾಡಿದ್ದು, ಈಗ ಮಂದಿಯ ಮುಖ ಹೇಗೆ ಕಾಣುತ್ತಿದೆ ಎಂದು ವಿಚಾರಣೆ. ಚೆನ್ನಾಗಿದೆ ಎಂದರೂ ಸಮಾಧಾನವಿಲ್ಲ, ತಾಸಿನೊಳಗೆ ತಾವೇ ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಮನೆಗಳಿಗೂ ಹೀಗೆಯೇ. ಈ ಮನುಷ್ಯ ಹೀಗೆ ಹೆದರಿಕೊಂಡು ಧಂದೆ ಹೇಗೆ ಮಾಡುತ್ತಾರೆ ಎಂದು ನನಗೆ ಸೋಜಿಗವಾಗುತ್ತಿತ್ತು. ಒಮ್ಮೆ ಕೇಳಿಯೂಬಿಟ್ಟೆ. ಅದಕ್ಕೆ ಅವರು ರಾಯಬಾಗದ ಒಬ್ಬ ಮುದುಕನ ಕಥೆ ಹೇಳಿದರು.

ಆ ಅಜ್ಜ ಚಿತ್ರ ಮಬ್ಬು, ಚಿತ್ರ ಮಬ್ಬು ಎಂದು ತಿಂಗಳುಗಟ್ಟಲೆ ಇವರನ್ನು ಕರೆಸಿದ್ದನಂತೆ. ಕೇಬಲ್ ಎರಡು ಸಲ ಬದಲಿಸಿ, ಬೆಳಕು ಏರಿಸಿ ಏರಿಸಿ ಬೇಸತ್ತು, ಕಡೆಗೊಂದು ದಿನ ತೊಳೆದ ಬಿಳಿ ಧೋತರವನ್ನು ಅವನ ಮುಂದೆ ಹಿಡಿದು ಬಣ್ಣ ಕೇಳಿದರೆ ಚಹದ ಬಣ್ಣ ಎಂದನಂತೆ. ಮಿರಜದ ಕಣ್ಣಿನ ದವಾಖಾನೆಗೆ ಕರೆದೊಯ್ಯುವಷ್ಟರಲ್ಲಿ ಪೊರೆ ಬಲಿತು ತಡವಾಗಿತ್ತು, ಒಂದು ಕಣ್ಣು ಮಾತ್ರ ಉಳಿಯಿತು. ತಾನು ಟಿವಿಯನ್ನೇ ನೋಡುತ್ತ ಕೂತೆ, ಅಜ್ಜನನ್ನು ನೋಡಲಿಲ್ಲ ಎಂದು ಮಿಸ್ತ್ರಿಯ ಕೊರಗು. ನಾನು ಗಣಿತದವನು, ಉತ್ತರ ಬಂದ ಮೇಲೆ ಅದರ ಕೆಳಗೆ ಎರಡು ಗೆರೆ ಎಳೆದು ಮುಂದೆ ಹೋಗುವವನು. ಇಂಥ ಕೊರಗೆಲ್ಲ ನನಗೆ ಅತಿಯೆನಿಸಿತ್ತು.

ಆ ಸೊಕ್ಕು ಇಳಿದದ್ದು ನನ್ನ ಹೆಂಡತಿಯ ತಮ್ಮನ ಮದುವೆಯಲ್ಲಿ.

ನನ್ನ ಮಾವನವರದು ಮಂಗಸೂಳಿ ಕಡೆಯ ಹಳ್ಳಿ. ದ್ರಾಕ್ಷಿ, ಕಬ್ಬು ಎರಡೂ ಇರುವ ದೊಡ್ಡ ಮನೆ. ಅರಿಷಿಣ ಹಚ್ಚಿ, ನೀರು ಹಾಕಿ, ಹೊಸ ಸೊಸೆಗೆ ಉಡಿ ತುಂಬಿದ ಮರುದಿನ ಆಕೆಯ ಬಲಗೈಯ ಬಂಗಾರದ ಬಳೆ, ಪಾಟ್ಲಿ, ಕಾಣೆಯಾಗಿತ್ತು. ಮನೆಯಲ್ಲಿ ಹುಡುಕದ ಜಾಗ ಉಳಿಯಲಿಲ್ಲ. ಆಮೇಲೆ ಯಾರೋ ವಿಡಿಯೊ ನೋಡೋಣ ಎಂದರು. ಅಥಣಿಯ ವಿಡಿಯೊದವನು ತುರ್ತಾಗಿ ಒಂದು ಸಿಡಿ ಮಾಡಿಕೊಟ್ಟ. ಮದುವೆಗೆಂದೇ ತಂದ ದೊಡ್ಡ ಟಿವಿಯಲ್ಲಿ, ಇಪ್ಪತ್ತು ಜನ ಪಡಸಾಲೆಯಲ್ಲಿ ಕೂತು ಅದನ್ನು ನೋಡಿದೆವು.

ಹಿತ್ತಲಲ್ಲಿ ಮದುಮಗಳಿಗೆ ನೀರು ಹಾಕುವಾಗ ಅವಳ ಬೆನ್ನ ಹಿಂದೆ ಮಾಲಾಬಾಯಿ ಕಟ್ಟಿಗೆ ಹೊರೆ ಇಳಿಸುತ್ತಿದ್ದಳು. ಹಳ್ಳದಾಚೆ ಬುದ್ಧವಿಹಾರದ ಓಣಿಯವಳು, ಹತ್ತು ವರ್ಷದಿಂದ ಈ ಮನೆಯ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಬರುವವಳು. ಆ ದಿನ ಜನ ಸಾಲದೆ ತೋಟದಿಂದಲೇ ಕರೆಸಿದ್ದರು. ಆಕೆ ಕೈ ಎತ್ತಿದಾಗ ಮಣಿಕಟ್ಟಿನಲ್ಲಿ ಹಳದಿಯದೊಂದು ಪಳಪಳ ಹೊಳೆಯಿತು. ಚಿತ್ರ ನಿಲ್ಲಿಸಿದರು. ಮಾವನವರು ನನ್ನ ಕಡೆ ತಿರುಗಿ, ಕಲಿತವರು ನೀವು, ನೀವೇ ಹೇಳಿ ಎಂದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಟಿವಿಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, "ಪಾಟ್ಲಿನ ಐತಿ" ಎಂದೆ.

ಅಷ್ಟು ಸಾಕಾಯಿತು. ಮಾಲಾಬಾಯಿಯನ್ನು ಕರೆಸಿ ಕೇಳಿದರು. ತಾನು ತೆಗೆದುಕೊಂಡಿಲ್ಲ ಎಂದು ಆಕೆ ಒಂದೇ ಮಾತು ಹೇಳಿದಳು. ಸೋಮವಾರ ಪೊಲೀಸರಿಗೆ ಹೇಳುವುದೆಂದು ತೀರ್ಮಾನವಾಯಿತು. ಒಮ್ಮೆ ಜೀಪು ಆಕೆಯ ಓಣಿಗೆ ಬಂದು ಆಕೆಯನ್ನು ಕೂಡಿಸಿಕೊಂಡು ಹೋಯಿತೆಂದರೆ ಆ ಸೀಮೆಯ ಯಾವ ತೋಟದಲ್ಲೂ ಆಕೆಯನ್ನು ಒಳಗೆ ಬಿಡುತ್ತಿರಲಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಶನಿವಾರ ಸಂಜೆ ಚಿಕ್ಕೋಡಿಗೆ ಬಂದು ಸುಮ್ಮನೆ ನಮ್ಮ ಟಿವಿ ಹಚ್ಚಿದೆ. ಯಾವುದೋ ಊರಿನ ಹೂವಿನ ಸಂತೆ ತೋರಿಸುತ್ತಿದ್ದರು. ಚೆಂಡುಹೂವು ಚೆಂಡುಹೂವಿನಂತೆಯೇ ಇತ್ತು. ಮಾವನ ಮನೆಯ ಟಿವಿಯಲ್ಲಿ ಚಪ್ಪರದ ಚೆಂಡುಹೂವು ಬಂಗಾರದ ಗುಂಡಿನಂತೆ ಹೊಳೆದದ್ದು ಆಗ ನೆನಪಾಯಿತು. ಆ ಟಿವಿ ಅಂಗಡಿಯಿಂದ ಬಂದಂತೆಯೇ ಇತ್ತು, ಸಿಡಿಯೂ ಮೂರು ಪಿನ್ನಿನ ವಾಯರಿನಲ್ಲೇ ಓಡಿತ್ತು. ಇಷ್ಟೆಲ್ಲ ಗೊತ್ತಿದ್ದ ನಾನು ಅದರ ಮುಂದೆ ನಿಂತು ಒಬ್ಬ ಹೆಂಗಸಿನ ಬಾಳಿನ ಕೆಳಗೆ ಎರಡು ಗೆರೆ ಎಳೆದು ಬಂದಿದ್ದೆ.

ಬೆಳಿಗ್ಗೆ ಮಿಸ್ತ್ರಿಯ ಮನೆಗೆ ಓಡಿದೆ. ಕೇಳುತ್ತಿದ್ದಂತೆ ಅವರ ಕೈ ಕಿವಿಗೆ ಹೋಯಿತು. ಸಿಡಿ ಬೇಡ, ವಿಡಿಯೊದವನ ಕ್ಯಾಮೆರಾವನ್ನೇ ತರಿಸಿ, ಅದನ್ನು ನೇರ ಟಿವಿಗೆ ಹಚ್ಚೋಣ ಎಂದರು. ಮುಂದಿನ ಮದುವೆಗೆಂದು ಅವನು ಎಲ್ಲವನ್ನೂ ಅಳಿಸಿಬಿಟ್ಟಿದ್ದರೆ? ಫೋನು ಮಾಡಿದರೆ ಅವನು ಎತ್ತಲೇ ಇಲ್ಲ. ನಾವು ಬಸ್ಸು ಹತ್ತಿ ಅಂಕಲಿ ದಾಟಿದ ಮೇಲೆ ಅವನೇ ತಿರುಗಿ ಮಾಡಿ, ಅಳಿಸಿಲ್ಲ, ತರುತ್ತೇನೆ ಎಂದ. ನನಗೆ ಉಸಿರು ಬಂತು. ಮಿಸ್ತ್ರಿಗೆ ಬರಲಿಲ್ಲ. ಹೊಳೆಯ ಸೇತುವೆಯ ಮೇಲೆ ಅವರು ಕಿಟಕಿಯಾಚೆ ನೋಡುತ್ತಲೇ ಮಾತಾಡಿದರು.

"ಮಾಸ್ತರ, ಚಿತ್ರ ಸ್ವಚ್ಛ ಮಾಡಿದ ಮ್ಯಾಲೆ ಅದು ಪಾಟ್ಲಿನ ಆಗಿದ್ರ?"

ಏನು ಮಾಡುವಿರಿ ಎಂದು ನಾನೇ ಅವರನ್ನು ಕೇಳಿದೆ.

"ಇದ್ದಂಗ ತೋರಸ್ತೇನ್ರಿ. ತೋರಿಸಿ ಮನಿಗಿ ಹೋಗಿ ಅಂಗಡಿ ಬಂದ್ ಮಾಡ್ತೇನಿ."

ಮಾವನವರ ಪಡಸಾಲೆಯಲ್ಲಿ ಮತ್ತೆ ಜನ ಕೂಡಿತು. ಹೊರಗಿನ ಕಟ್ಟೆಯ ಮೇಲೆ, ಅಂಗಳದಲ್ಲಿ ಊರಿನವರು ನೆರೆದಿದ್ದರು. ಮಿಸ್ತ್ರಿ ಚೀಲ ಬಿಚ್ಚುವ ಮೊದಲೇ ಒಂದು ಮಾತು ಹೇಳಿದರು, ಯಾರ ಚಿತ್ರವೋ ಅವರು ಇಲ್ಲಿರಬೇಕು, ಇಲ್ಲವಾದರೆ ತಾನು ಕೇಬಲ್ ಹಚ್ಚುವುದಿಲ್ಲ. ಮಾವನವರಿಗೆ ಇದು ಸರಿಬರಲಿಲ್ಲ. ಅವರ ಪಡಸಾಲೆಗೆ ತೋಟದ ಆಳುಗಳು ಬರುವ ಪದ್ಧತಿಯೇ ಇರಲಿಲ್ಲ. ಮಿಸ್ತ್ರಿ ಜಗಳವಾಡಲಿಲ್ಲ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಕಡೆಗೆ ಮಾಲಾಬಾಯಿಯನ್ನು ಕರೆಸಿದರು.

ಆಮೇಲೆ ಅರ್ಧ ತಾಸು ಅವರು ತಮ್ಮ ಪದ್ಧತಿ ಬಿಡಲಿಲ್ಲ. ವಿವಿಡ್ ತೆಗೆದರು, ಶಾರ್ಪ್‌ನೆಸ್ ಇಳಿಸಿದರು, ಹಿಗ್ಗಿದ ಚಿತ್ರವನ್ನು ಸರಿಯಾದ ಅಳತೆಗೆ ತಂದರು. ಅರಿಷಿಣ, ಎಲೆ, ಕುಂಕುಮ ಕೇಳಿದರು. ಯಾರೋ ಕಿಸಕ್ಕನೆ ನಕ್ಕರು. ನನ್ನ ಕಣ್ಣು ಟಿವಿಯ ಮೇಲಿಂದ ಕದಲಲಿಲ್ಲ. ಕ್ಯಾಮೆರಾ ಕಡೆ ಸಣ್ಣ ಬಾಯಿ, ಟಿವಿ ಕಡೆ ದೊಡ್ಡ ಬಾಯಿ ಇರುವ ಕೇಬಲ್ ಹಚ್ಚಿದರೆ ಪರದೆ ನೀಲಿಯಾಗಿ ಹಾಗೆಯೇ ನಿಂತಿತು. ತೆಗೆದು ಪಿನ್ನು ಒರೆಸಿ ಹಚ್ಚಿದರು, ಮತ್ತೆ ನೀಲಿ. ಟಿವಿಯ ಇನ್ನೊಂದು ಗೂಡಿಗೆ ಹಚ್ಚಿದಾಗ ಚಿತ್ರ ಬಂತು.

ಅದೇ ಹಿತ್ತಲು. ಆದರೆ ಈಗ ಗೋಡೆಯ ಗಾರೆಯ ಬಿರುಕೂ ಕಾಣುತ್ತಿತ್ತು. ಮಾಲಾಬಾಯಿ ಕಟ್ಟಿಗೆ ಇಳಿಸಿ ಕೈ ಎತ್ತಿದಳು. ಮಿಸ್ತ್ರಿ ಚಿತ್ರ ನಿಲ್ಲಿಸಿದರು. ನಾಲ್ಕು ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಮೂರು ಸುತ್ತು ಹಳದಿ ಪ್ಲಾಸ್ಟಿಕ್ ಸುತಳಿ. ಒಂದು ತುದಿ ಬಿಚ್ಚಿ ಗೇಣುದ್ದ ಜೋತುಬಿದ್ದಿತ್ತು. ಪಾಟ್ಲಿಗೆ ಬಾಲ ಇರುವುದಿಲ್ಲ.

ದ್ರಾಕ್ಷಿ ಬಳ್ಳಿಯನ್ನು ತಂತಿಗೆ ಕಟ್ಟುವ ಸುತಳಿ ಅದು. ಕಟ್ಟುವವರು ಕೈಗೆ ಸುಲಭವಾಗಲೆಂದು ಮಣಿಕಟ್ಟಿಗೆ ಸುತ್ತಿಕೊಂಡಿರುತ್ತಾರೆ. ಆ ಮನೆಗೆ ವರ್ಷಕ್ಕೆ ಚೀಲಗಟ್ಟಲೆ ಬರುತ್ತದೆ, ಮಾವನವರೇ ಆರಿಸಿ ತರುತ್ತಾರೆ. ದಿನಾ ಕಣ್ಣೆದುರು ಬೀಳುವ ವಸ್ತುವನ್ನು ಇಪ್ಪತ್ತು ಜನರಲ್ಲಿ ಒಬ್ಬರೂ ಗುರುತಿಸಿರಲಿಲ್ಲ. ಪಾಟ್ಲಿ ಹುಡುಕಲು ಕೂತವರಿಗೆ ಪಾಟ್ಲಿಯೇ ಕಂಡಿತ್ತು.

ಹಿಂದಿನಿಂದ ಯಾರೋ ಗೊಣಗಿದರು, ಇದು ಸುತಳಿಯಾದರೆ ಪಾಟ್ಲಿ ಎಲ್ಲಿ? ಮಿಸ್ತ್ರಿ ತಿರುಗಿ ಕೂಡ ನೋಡದೆ ಹೇಳಿದರು. "ಅದು ನನಗ ಗೊತ್ತಿಲ್ರಿ. ಇದು ಸುತಳಿ. ಇಷ್ಟ ಗೊತ್ತೈತಿ."

ಮಾವನವರು ಕೆಮ್ಮಿ, ಆಯಿತು, ಇನ್ನು ಕೆಲಸಕ್ಕೆ ಹೋಗು ಎಂದು ಮಾಲಾಬಾಯಿಗೆ ಹೇಳಿದರು. ಆಕೆ ಹೋಗಲಿಲ್ಲ. ನನ್ನ ಕಡೆ ತಿರುಗಿದಳು.

"ಮಾಸ್ತರ, ಮೊನ್ನೆ ನೀವು ಪಾಟ್ಲಿ ಅಂದ್ರಿ, ಎಲ್ಲಾರೂ ಹೌದಂದ್ರು. ಈಗ ಏನಂತೀರಿ?"

ಮಿಸ್ತ್ರಿ ಟಿವಿ ಆರಿಸಿದರು. ನೋಡಲು ಬೇರೇನೂ ಉಳಿಯಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು. ಸುತಳಿ ಎಂದೆ. ನನಗೇ ಕೇಳಿಸದಷ್ಟು ಸಣ್ಣ ದನಿ.

"ಜೋರಾಗಿ ಹೇಳ್ರಿ. ಹೊರಗ ಮಂದಿ ನಿಂತಾರ."

ನಾನು ಮಾವನವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆ ಮನೆಯ ದೊಡ್ಡ ಅಳಿಯ ನಾನು, ಪಾಟ್ಲಿ ಇನ್ನೂ ಸಿಕ್ಕಿರಲಿಲ್ಲ, ನಾಳೆ ಬೇರೆಯೇ ಏನಾದರೂ ತಿಳಿದುಬಂದರೆ ಎಂಬ ಅಳುಕು ಬೇರೆ. ಮಿಸ್ತ್ರಿ ನನ್ನ ಕಡೆ ನೋಡದೆ ಕೇಬಲ್ ಸುತ್ತುತ್ತಿದ್ದರು. ನಾನು ಎದ್ದು ಕಟ್ಟೆಯ ಮೇಲೆ ಬಂದು ನಿಂತೆ. ಮಾಲಾಬಾಯಿಯ ಕೈಯಲ್ಲಿದ್ದದ್ದು ತೋಟದ ಸುತಳಿ, ಪಾಟ್ಲಿ ಎಂದು ಹೇಳಿದವನು ನಾನು, ತಪ್ಪು ನನ್ನದು, ಆಕೆಯದಲ್ಲ ಎಂದು ಅಂಗಳದ ಕೊನೆಯವನಿಗೂ ಕೇಳುವಂತೆ ಹೇಳಿದೆ. ಆಕೆ ನನ್ನ ಪಕ್ಕದಿಂದ ಇಳಿದು, ಜನರ ನಡುವೆಯೇ ನಡೆದು ಹೋದಳು.

ಪಾಟ್ಲಿ ಸಿಕ್ಕಿದ್ದು ಮುಂದಿನ ಶುಕ್ರವಾರ. ಉಡಿಯ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಕೋಣೆಯಲ್ಲಿಟ್ಟಿದ್ದರು. ಸಿಹಿ ಮಾಡಲೆಂದು ಬಿಚ್ಚಿದರೆ ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲಿನ ನಡುವೆ ಕೂತಿತ್ತು. ಎಣ್ಣೆ ಅರಿಷಿಣ ಮೆತ್ತಿದ ಕೈಯಿಂದ ತಾನೇ ಜಾರಿ ಬಿದ್ದದ್ದು. ನಾವೆಲ್ಲ ಮಾಲಾಬಾಯಿಯ ಕೈ ನೋಡುತ್ತ ಕೂತಿದ್ದೆವು, ಮದುಮಗಳ ಕೈ ಯಾರೂ ನೋಡಿರಲಿಲ್ಲ. ಮಾವನವರು ಮಾಲಾಬಾಯಿಗೆ ಸೀರೆ ಕಳಿಸಿದರು. ಅದು ಮಡಿಕೆ ಬಿಚ್ಚದೆ ತಿರುಗಿ ಬಂತು. ಆಕೆ ಬೇರೆಯವರ ತೋಟಕ್ಕೆ ಹೋಗತೊಡಗಿದಳು.

ಸುದ್ದಿ ಹೇಳಿದಾಗ ಮಿಸ್ತ್ರಿ ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ. ಅವರು ಕಿವಿ ತಿಕ್ಕುತ್ತ, ವಿಡಿಯೊದವನು ಅಳಿಸಿಬಿಟ್ಟಿದ್ದರೆ ಎಂದು ಹಳೆಯ ಭಯವನ್ನೇ ಮತ್ತೆ ತೆಗೆದರು. ಆಮೇಲೆಯೂ ವರ್ಷಗಟ್ಟಲೆ ಹಾಗೆಯೇ ಮನೆಮನೆಗೆ ಹೋಗಿ ಮರುದಿನ ಫೋನು ಮಾಡುತ್ತಿದ್ದರು. ಹೋದ ಶ್ರಾವಣದಲ್ಲಿ ಎದೆನೋವು ಬಂದು ತೀರಿಕೊಂಡರು.

ಮೂರನೆಯ ದಿನ ಅವರ ಮನೆಗೆ ಹೋದಾಗ ಬಾಗಿಲ ಬಳಿ ಮಾಲಾಬಾಯಿ ನಿಂತಿದ್ದಳು. ಕೂದಲು ನರೆತಿತ್ತು, ಆದರೂ ತಕ್ಷಣ ಗುರುತು ಸಿಕ್ಕಿತು. ಆಕೆಯ ಮನೆಗೆ ಟಿವಿ ಬಂದಾಗ ಮಿಸ್ತ್ರಿ ಅಷ್ಟು ದೂರ ಹೋಗಿ ಸರಿಮಾಡಿ ಬಂದಿದ್ದರಂತೆ, ನನಗೆ ಹೇಳಿರಲೇ ಇಲ್ಲ. ಏನು ಮಾತಾಡುವುದೆಂದು ತೋಚದೆ, ಅವತ್ತು ಅವರು ಚಿತ್ರ ಸ್ವಚ್ಛ ಮಾಡದಿದ್ದರೆ ನಿಮ್ಮ ಗತಿ ಏನಾಗುತ್ತಿತ್ತೋ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ಚಿತ್ರ ಆಮ್ಯಾಲಿಂದ್ರಿ, ಮಾಸ್ತರ. ಅದು ಸುತಳಿನೋ ಪಾಟ್ಲಿನೋ ಇನ್ನಾ ಅವರಿಗೂ ಗೊತ್ತಿರಲಿಲ್ಲ. ಆವಾಗ್ಲೇ ಮಿಸ್ತ್ರಿ ತಾವು ಕುಂತ ಕುರ್ಚಿ ಬಿಟ್ಟೆದ್ದು ನನಗ ಕೊಟ್ರು. ಕುಂದರವ್ವ ತಂಗಿ, ತಡ ಆಗತೈತಿ, ಅಂದ್ರು. ಆ ಪಡಸಾಲ್ಯಾಗ ನಾ ಅರ್ಧ ತಾಸ ಕುರ್ಚಿ ಮ್ಯಾಲೆ ಕುಂತಿದ್ನಿರಿ."

ಆ ಅರ್ಧ ತಾಸೂ ನಾನು ಅದೇ ಪಡಸಾಲೆಯಲ್ಲಿದ್ದೆ. ಆಕೆಯಿಂದ ಮೂರು ಮಾರು ದೂರ. ಆ ಕುರ್ಚಿಯನ್ನು ನಾನು ನೋಡಿಲ್ಲ.